ಕಿವಿಗೆ ಬಿದ್ದ ಮಾತು ಎಲ್ಲಿ ತಪ್ಪಿಹೋಗುತ್ತದೆ?

(ಮಾತಿನ ತೊಂದರೆ ಇರುವ ಹಿರಿಯರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ವೀಳ್ಯದೆಲೆ ತಟ್ಟೆಯಿಂದ ಶುರು ಮಾಡುತ್ತೇನೆ.

ಅಗ್ರಹಾರದ ಕಡೆ ಒಂದು ಮನೆ. ಆ ತಾಯಿಗೆ 62 ವರ್ಷ. ಗಟ್ಟಿಮುಟ್ಟಾಗಿದ್ದಾರೆ. ಊಟ ಆಗಿತ್ತು. ಮಗಳು ಎಲೆ ಅಡಿಕೆ ತಟ್ಟೆ ತಂದಿಟ್ಟರು. ತಾಯಿ ಒಂದು ಎಲೆ ತೆಗೆದುಕೊಂಡು ಸೆರಗಿಗೆ ಒರೆಸಿದರು. ತೊಟ್ಟು ಮುರಿದರು. ಹಿಂದಿನ ನಾರನ್ನು ಉಗುರಿನಿಂದ ಎಳೆದು ತೆಗೆದರು. ಬೆರಳ ತುದಿಯಲ್ಲಿ ಸುಣ್ಣ ಸವರಿದರು, ಎಷ್ಟು ಬೇಕೋ ಅಷ್ಟೇ. ಆಗ ಮಗಳು "ಅಮ್ಮ, ಅಡಿಕೆ ಹಾಕ್ಕೋ" ಅಂದರು. ತಾಯಿ ಕೈ ನಿಲ್ಲಿಸಿ ಮಗಳ ಮುಖ ನೋಡಿದರು. "ಅಡಿಕೆ? ಅಡಿಕೆ ಅಂದ್ರೆ ಏನು?" ಅಂತ ಕೇಳಿದರು.

ಅಡಿಕೆ ತಟ್ಟೆಯಲ್ಲೇ ಇತ್ತು. ಮಗಳು ಬೆರಳು ಮಾಡಿ ತೋರಿಸಿದ ಕೂಡಲೇ ಎರಡು ಚೂರು ತೆಗೆದು ಎಲೆಯೊಳಗಿಟ್ಟು ಮಡಚಿ ಬಾಯಿಗೆ ಹಾಕಿಕೊಂಡರು. ನಾನು ಎದುರಿಗೇ ಕೂತಿದ್ದೆ. 27 ವರ್ಷದಿಂದ ವಾಕ್ ಚಿಕಿತ್ಸೆಯ ಕೆಲಸ ಮಾಡುತ್ತಿದ್ದೇನೆ. ಆದರೂ ಆ ಪ್ರಶ್ನೆ ಕೇಳಿ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ.

ಆಕೆ ಹೇಳಿದ್ದನ್ನು ಸ್ವಲ್ಪ ಗಮನಿಸಿ. "ಅಡಿಕೆ" ಅನ್ನೋ ಪದ ಅವರ ಕಿವಿಗೆ ಸರಿಯಾಗಿ ಬಿದ್ದಿದೆ. ಬೀಳದೇ ಇದ್ದಿದ್ದರೆ "ಏನಂದೆ?" ಅನ್ನುತ್ತಿದ್ದರು. ಒಂದು ಅಕ್ಷರವೂ ತಪ್ಪದೆ ಅದನ್ನೇ ತಿರುಗಿಸಿ ಹೇಳಿದ್ದಾರೆ. ಅಂದರೆ ಬಾಯಿಯೂ ಸರಿಯಿದೆ. ವಾಕ್ಯವೂ ನೆಟ್ಟಗಿದೆ. ಹಾಗಾದರೆ ತಪ್ಪಿದ್ದು ಎಲ್ಲಿ?

ಮನೆಯವರು ಮೊದಲು ಕಿವಿ ಮಂದ ಆಗಿದೆ ಅಂದುಕೊಂಡರು. ಪರೀಕ್ಷೆ ಮಾಡಿಸಿದರೆ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಕೇಳಿಸುತ್ತಿತ್ತು. ಆಮೇಲೆ ಮರೆವು ಅಂದರು. ಆದರೆ ಹಾಲಿನವನು ಯಾವತ್ತು ಬರಲಿಲ್ಲ, ಎಷ್ಟು ಬಾಕಿ ಕೊಡಬೇಕು ಅನ್ನೋದು ಆಕೆಗೆ ಚೆನ್ನಾಗಿ ನೆನಪಿತ್ತು. ದೇವರಾಜ ಮಾರುಕಟ್ಟೆಗೆ ಒಬ್ಬರೇ ಹೋಗಿ ಹೂವು ತರುತ್ತಿದ್ದರು. ಕೊನೆಗೆ ನೆಂಟರಲ್ಲಿ ಒಬ್ಬರು "ಬೇಕೂಂತಲೇ ಮಾಡ್ತಾರೆ" ಅಂದರಂತೆ. ಮೊದಲು ತೋರಿಸಿದ ಕಡೆ "ವಯಸ್ಸಾಯ್ತಲ್ಲಮ್ಮ" ಅಂತ ಹೇಳಿ ಕಳಿಸಿದ್ದರು. ಹಾಗೇ ಎರಡು ವರ್ಷ ಹೋಯಿತು. ಇವತ್ತು ನಾನು ಇಲ್ಲಿಗೆ ಬಂದಿರೋದು ಈ ಎರಡು ವರ್ಷದ ಸಲುವಾಗಿ. ಮಾತು ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾದರೆ ಆ ಮನುಷ್ಯರ ಜೊತೆ ಹೇಗೆ ಮಾತಾಡಬೇಕು ಅನ್ನೋದೂ ಗೊತ್ತಾಗುತ್ತದೆ. ಗೊತ್ತಾಗದೇ ಇದ್ದರೆ ಸುಮ್ನೆ ಜೋರಾಗಿ ಕೂಗುತ್ತಾ ಇರುತ್ತೇವೆ, ಅಷ್ಟೇ.

ಈಗ ನನ್ನ ಮಾತನ್ನು ನೀವು ಕೇಳಿಸಿಕೊಳ್ಳುತ್ತಿದ್ದೀರಿ. ಇದು ಎಷ್ಟು ದೊಡ್ಡ ಕೆಲಸ ಅಂತ ಯೋಚಿಸಿದ್ದೀರಾ? ಸಾಧಾರಣವಾಗಿ ಮಾತಾಡುವಾಗ ಒಂದು ಸೆಕೆಂಡಿಗೆ ನಾಲ್ಕೈದು ಅಕ್ಷರ ಬಾಯಿಂದ ಹೊರಡುತ್ತವೆ. ಬರಹದಲ್ಲಿ ಇರುವ ಹಾಗೆ ಪದಗಳ ನಡುವೆ ಜಾಗ ಇರುವುದಿಲ್ಲ. "ಹೋಗಿ ಬರುತ್ತೇನೆ" ಅಂತ ನಾವು ಯಾರು ಹೇಳುತ್ತೇವೆ? "ಹೋಗ್ಬರ್ತೀನಿ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಗೊತ್ತಿಲ್ಲದ ಭಾಷೆ ಕೇಳುವಾಗ ಎಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಅನ್ನಿಸುತ್ತದೆ, ಅಲ್ವಾ? ಕನ್ನಡವೂ ಹಾಗೇ ಅಂಟಿಕೊಂಡೇ ಇದೆ. ಬಿಡಿಸಿಕೊಡುವುದು ನಮ್ಮ ಮಿದುಳು.

ಕಿವಿಯ ಒಳಗೆ ಬಸವನಹುಳದ ಚಿಪ್ಪಿನಂಥ ಒಂದು ಭಾಗ ಇದೆ. ಅದು ಗಾಳಿಯ ಅಲುಗಾಟವನ್ನು ನರದ ಸಂಕೇತವಾಗಿ ಬದಲಾಯಿಸುತ್ತದೆ. ಆ ಸಂಕೇತ ಮಿದುಳಿನ ಬುಡ ಹಾದು, ಒಳಗಿನ ಥಲಮಸ್ ಹಾದು, ಎರಡು ಪಕ್ಕದಲ್ಲೂ ಕಿವಿಯ ಮಟ್ಟದಲ್ಲಿರುವ ಟೆಂಪೊರಲ್ ಭಾಗಕ್ಕೆ ಬರುತ್ತದೆ. ಅಲ್ಲಿವರೆಗೆ ಅದು ಬರೀ ಸದ್ದು. ಅಲ್ಲಿಂದ ಮುಂದೆ ಎರಡು ದಾರಿ ಇವೆ. ಗ್ರೆಗರಿ ಹಿಕಾಕ್, ಡೇವಿಡ್ ಪೋಪೆಲ್ ಅನ್ನೋ ವಿಜ್ಞಾನಿಗಳು 2000ದ ಆಸುಪಾಸಿನಿಂದ ಈ ಎರಡು ದಾರಿಯ ಲೆಕ್ಕವನ್ನು ಬೆಳೆಸಿಕೊಂಡು ಬಂದಿದ್ದಾರೆ. ಕೆಳಗಿನ ದಾರಿ ಟೆಂಪೊರಲ್ ಭಾಗದ ಉದ್ದಕ್ಕೂ ಮುಂದೆ ಹೋಗುತ್ತದೆ. ಸದ್ದನ್ನು ಅರ್ಥಕ್ಕೆ ಮುಟ್ಟಿಸುವುದು ಅದರ ಕೆಲಸ. ಮೇಲಿನ ದಾರಿ ಹಿಂದಿನಿಂದ ಸುತ್ತಿಕೊಂಡು ಹಣೆಯ ಕಡೆಗೆ ಹೋಗುತ್ತದೆ. ಕೇಳಿದ ಸದ್ದನ್ನು ಹಿಡಿದಿಟ್ಟುಕೊಂಡು ಬಾಯಿಯ ಚಲನೆಗೆ ಜೋಡಿಸುವುದು ಅದರ ಕೆಲಸ. ಇನ್ನೊಬ್ಬರು ಹೇಳಿದ್ದನ್ನು ಹಾಗೇ ತಿರುಗಿಸಿ ಹೇಳುವಾಗ ನಮಗೆ ಈ ಮೇಲಿನ ದಾರಿ ಬೇಕು. ಭಾಷೆಯ ಕೆಲಸದಲ್ಲಿ ಹೆಚ್ಚು ಜನರಿಗೆ ಎಡಭಾಗದ್ದೇ ದೊಡ್ಡ ಪಾಲು.

ಇನ್ನೊಂದು ವಿಷಯ ಇದೆ. ಮಿದುಳು ಮಾತು ಬರಲಿ ಅಂತ ಕಾಯುತ್ತಾ ಕೂರುವುದಿಲ್ಲ. ಮುಂದೇನು ಬರುತ್ತದೆ ಅಂತ ಅಂದಾಜು ಮಾಡುತ್ತಲೇ ಇರುತ್ತದೆ. ನಾನು ಒಂದು ವಾಕ್ಯ ಅರ್ಧಕ್ಕೆ ನಿಲ್ಲಿಸುತ್ತೇನೆ, ನೀವು ಮುಗಿಸಿ. "ಮೈಸೂರು ಪಾಕ್ ಬಾಯಿಗಿಟ್ರೆ ಹಾಗೇ..." ನೋಡಿ, ಇಡೀ ಸಭೆ "ಕರಗುತ್ತೆ" ಅಂದಿತು. ನಾನು ಹೇಳುವ ಮೊದಲೇ ಆ ಪದ ನಿಮ್ಮ ತಲೆಯಲ್ಲಿ ಸಿದ್ಧವಾಗಿತ್ತು. ಈಗ ಇದನ್ನು ಕೇಳಿ. "ಬಿಸಿ ಅನ್ನಕ್ಕೆ ಸಾರು ಹಾಕಿ, ಮೇಲೆ ಒಂದು ಚಮಚ ಚಪ್ಪಲಿ." ಏನೋ ತಡವರಿಸಿದ ಹಾಗಾಯಿತು, ಅಲ್ವಾ? ಆ ತಡವರಿಕೆಯನ್ನು ಅಳೆಯಬಹುದು. 1980ರಲ್ಲಿ ಮಾರ್ಟಾ ಕುಟಾಸ್, ಸ್ಟೀವನ್ ಹಿಲ್ಯಾರ್ಡ್ ಇದನ್ನು ತೋರಿಸಿದರು. ತಲೆಯ ಮೇಲೆ ವಿದ್ಯುತ್ ಅಳೆಯುವ ತಂತಿ ಇಟ್ಟು, ಹೊಂದದ ಪದದಲ್ಲಿ ಮುಗಿಯುವ ವಾಕ್ಯಗಳನ್ನು ಓದಿಸಿದರು. ಹೊಂದದ ಪದ ಬಂದು ಸುಮಾರು 400 ಮಿಲಿಸೆಕೆಂಡಿಗೆ ಒಂದು ಅಲೆ ಏಳುತ್ತದೆ. ಅರ್ಧ ಸೆಕೆಂಡೂ ಆಗಿರುವುದಿಲ್ಲ. ಅಷ್ಟರಲ್ಲಿ ಪದ ಹಿಡಿದು, ಅರ್ಥ ಹುಡುಕಿ, ಹಿಂದಿನದಕ್ಕೆ ಹೋಲಿಸಿ, ಇದು ಹೊಂದಲ್ಲ ಅಂತ ಮಿದುಳು ತೀರ್ಮಾನ ಮಾಡಿರುತ್ತದೆ.

ಈ ಅಂದಾಜಿನ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

ಮಾತು ಹೋಗುವ ಕಾಯಿಲೆ ಅಂದರೆ ನಮಗೆ ಮೊದಲು ನೆನಪಾಗುವುದು ಲಕ್ವ. 1861ರಲ್ಲಿ ಪ್ಯಾರಿಸ್‌ನಲ್ಲಿ ಬ್ರೋಕಾ, 1874ರಲ್ಲಿ ವರ್ನಿಕೆ ಅನ್ನೋ ವೈದ್ಯರು, ಮಿದುಳಿನ ಯಾವ ಜಾಗ ಕೆಟ್ಟರೆ ಮಾತು ಹೇಗೆ ಕೆಡುತ್ತದೆ ಅಂತ ತೋರಿಸಿಕೊಟ್ಟರು. ಲಕ್ವ ಹೊಡೆದಾಗ ಮಾತು ಹೋಗುವುದು ಕೆರೆ ಏರಿ ಒಡೆದ ಹಾಗೆ. ಬೆಳಗ್ಗೆ ಇತ್ತು, ಮಧ್ಯಾಹ್ನ ಇಲ್ಲ. ಊರಿಗೆಲ್ಲ ಗೊತ್ತಾಗುತ್ತದೆ. ನಾನು ಹೇಳುತ್ತಿರುವುದು ಹೂಳು ತುಂಬುವ ಕೆರೆಯ ಕಥೆ. ವರ್ಷ ವರ್ಷ ಒಂದಿಷ್ಟು ತುಂಬುತ್ತದೆ. ಮೇಲೆ ನೀರು ಕಾಣುತ್ತಲೇ ಇರುತ್ತದೆ. ಅದಕ್ಕೇ ಯಾರಿಗೂ ತಿಳಿಯುವುದಿಲ್ಲ.

1892ರಲ್ಲೇ ಪ್ರಾಗ್‌ನಲ್ಲಿ ಆರ್ನಾಲ್ಡ್ ಪಿಕ್ ಅನ್ನೋ ವೈದ್ಯರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಮಿದುಳಿನ ಎಡಭಾಗ ಸೊರಗಿತ್ತು, ಮಾತು ನಿಧಾನವಾಗಿ ಹೋಗಿತ್ತು. ಆಮೇಲೆ ಬಹಳ ಕಾಲ ಈ ವಿಷಯ ಮೂಲೆಗೆ ಬಿತ್ತು. 1982ರಲ್ಲಿ ಅಮೆರಿಕದ ಮಾರ್ಸೆಲ್ ಮೆಸುಲಂ ಆರು ಜನರ ವಿವರ ಪ್ರಕಟಿಸಿದರು. ಆರೂ ಜನರಿಗೆ ಭಾಷೆ ಮೆಲ್ಲಗೆ ಕುಸಿಯುತ್ತಿತ್ತು. ಉಳಿದ ಬುದ್ಧಿ, ನೆನಪು, ನಡವಳಿಕೆ ವರ್ಷಗಟ್ಟಲೆ ಹೆಚ್ಚು ಕಡಿಮೆ ಸರಿಯಾಗೇ ಇದ್ದವು. ಇದಕ್ಕೆ ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ ಅನ್ನೋ ಹೆಸರು ನಿಂತಿತು. ಪಿಪಿಎ ಅಂತ ಕರೆಯೋಣ. 2011ರಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ ಇದರಲ್ಲಿ ಮೂರು ಬಗೆ ಗುರುತಿಸಿದರು. ಎಷ್ಟೋ ಜನರಿಗೆ ಇದು ಐವತ್ತು, ಅರವತ್ತರ ವಯಸ್ಸಿನಲ್ಲೇ ಬರುತ್ತದೆ. ಇನ್ನೂ ಕೆಲಸದಲ್ಲಿ ಇರುವವರಿಗೆ.

ವೀಳ್ಯದೆಲೆಯ ತಾಯಿಯದು ಸೆಮ್ಯಾಂಟಿಕ್ ಬಗೆ, ಅಂದರೆ ಅರ್ಥ ಕಳೆಯುವ ಬಗೆ. ಎಡಗಣ್ಣಿನ ಹಿಂದೆ, ಕಿವಿಯ ಮುಂದೆ ಟೆಂಪೊರಲ್ ಭಾಗದ ತುದಿ ಇದೆ. ಕೆಳಗಿನ ದಾರಿ ಬಂದು ಸೇರುವುದು ಅಲ್ಲಿಗೆ. ಅಡಿಕೆಯ ಬಣ್ಣ, ಒಗರು, ಕಟುಂ ಅನ್ನೋ ಸದ್ದು, ತಾಂಬೂಲ, ಮದುವೆ ಮನೆ, ಇವೆಲ್ಲ ಮಿದುಳಿನ ಬೇರೆ ಬೇರೆ ಕಡೆ ಇರುತ್ತವೆ. ಇವನ್ನೆಲ್ಲ "ಅಡಿಕೆ" ಅನ್ನೋ ಒಂದು ಪದಕ್ಕೆ ಕಟ್ಟಿಹಾಕುವ ಗಂಟು ಈ ತುದಿಯಲ್ಲಿದೆ. ಗಂಟು ಸಡಿಲವಾದರೆ ಪದ ಬರುತ್ತದೆ, ಆದರೆ ಅದರ ಹಿಂದೆ ಏನೂ ಬರುವುದಿಲ್ಲ.

ಇದು ಹೋಗುವುದರಲ್ಲೂ ಒಂದು ಕ್ರಮ ಇದೆ. ಮೊದಲು ಗಿಳಿ, ಗುಬ್ಬಿ, ಗೊರವಂಕ ಎಲ್ಲ "ಹಕ್ಕಿ" ಆಗುತ್ತವೆ. ಆಮೇಲೆ ಹಕ್ಕಿ, ನಾಯಿ, ದನ ಎಲ್ಲ "ಪ್ರಾಣಿ". ಕೊನೆಗೆ ಎಲ್ಲವೂ "ಅದು". ಲಂಡನ್ನಿನ ಎಲಿಜಬೆತ್ ವಾರಿಂಗ್ಟನ್ 1975ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದರು. ಕೈಗೆ ಅಭ್ಯಾಸ ಆಗಿರುವ ಕೆಲಸ ಮಾತ್ರ ಬಹಳ ದಿನ ಉಳಿಯುತ್ತದೆ. ಸುಣ್ಣ ಎಷ್ಟು ಸವರಬೇಕು ಅಂತ ಆಕೆಯ ಬೆರಳಿಗೆ ಗೊತ್ತಿತ್ತಲ್ಲ, ಹಾಗೆ.

ಇಲ್ಲಿ ನಮ್ಮ ಕನ್ನಡದ ಒಂದು ವಿಷಯ ಹೇಳಲೇಬೇಕು. ಇಂಗ್ಲಿಷಿನಲ್ಲಿ ಈ ಬಗೆಯನ್ನು ಪತ್ತೆ ಮಾಡಲು ಒಂದು ಸುಲಭದ ಉಪಾಯ ಇದೆ. ಬರೆಯುವುದು ಒಂದು, ಓದುವುದು ಒಂದು ಅನ್ನೋ ಪದಗಳನ್ನು ಓದಿಸುತ್ತಾರೆ. ಅರ್ಥ ಕಳೆದುಕೊಂಡವರು ಕಾಗುಣಿತ ಇದ್ದ ಹಾಗೇ ಓದಿ ತಪ್ಪುತ್ತಾರೆ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಅರ್ಥ ಗೊತ್ತಿಲ್ಲದಿದ್ದರೂ ತಪ್ಪಿಲ್ಲದೆ ಓದಬಹುದು. ಆ ತಾಯಿ ದಿನಾ ಬೆಳಗ್ಗೆ ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ಒಂದು ತಪ್ಪೂ ಇಲ್ಲ. "ಪೇಪರ್ ಓದ್ತಾರೆ, ಇನ್ನೇನು ಕಾಯಿಲೆ?" ಅಂತ ಮನೆಯವರು ನೆಮ್ಮದಿಯಾಗಿದ್ದರು. ಓದಿದ್ದು ಏನು ಅಂತ ಕೇಳಿರಲಿಲ್ಲ. ನಾನು ಕೇಳಿದೆ. "ಅಣೆಕಟ್ಟೆ ತುಂಬಿದೆ ಅಂತ ಓದಿದಿರಲ್ಲಮ್ಮ, ಅಣೆಕಟ್ಟೆ ಅಂದ್ರೆ?" ಅಂದೆ. ನಕ್ಕು, "ಅದೇ ಕಣಮ್ಮ, ಅದು ಇರುತ್ತಲ್ಲ" ಅಂದರು. ಹುಟ್ಟಿದಾಗಿನಿಂದ ಮೈಸೂರಿನಲ್ಲೇ ಇದ್ದವರು. ಕನ್ನಂಬಾಡಿಗೆ ಎಷ್ಟು ಸಲ ಹೋಗಿ ಬಂದಿದ್ದರೋ.

ಎರಡನೇ ಬಗೆಗೆ ಮಂಡ್ಯದ ಕಡೆಯ ಒಬ್ಬ ಮೇಷ್ಟ್ರ ಉದಾಹರಣೆ ಕೊಡುತ್ತೇನೆ. ಅವರಿಗೆ ಅರ್ಥ ಎಲ್ಲ ಗಟ್ಟಿ. ಅಡಿಕೆ ಗೊತ್ತು, ಆಲೆಮನೆ ಗೊತ್ತು, ಅಣೆಕಟ್ಟೆ ಗೊತ್ತು. ಪದ ನಾಲಿಗೆ ತುದಿಗೆ ಬರುವುದು ತಡ. "ಆ... ಕಬ್ಬು ಅರೀತಾರಲ್ಲ, ಬೆಲ್ಲ ಮಾಡ್ತಾರಲ್ಲ, ಅದು..." ಅಂತ ಸುತ್ತಿ ಬಳಸಿ ಹೇಳುತ್ತಿದ್ದರು. ಇದಕ್ಕಿಂತ ದೊಡ್ಡ ತೊಂದರೆ ಕೇಳುವುದರಲ್ಲಿತ್ತು. "ಬೆಲ್ಲ" ಅಂದರೆ "ಬೆಲ್ಲ" ಅಂತ ತಿರುಗಿಸಿ ಹೇಳುತ್ತಿದ್ದರು. ಏಳೆಂಟು ಪದದ ವಾಕ್ಯ ಕೊಟ್ಟರೆ ಅರ್ಧದಲ್ಲೇ ಕೈಬಿಡುತ್ತಿದ್ದರು. ಇದಕ್ಕೆ ಲೋಗೋಪೆನಿಕ್ ಬಗೆ ಅನ್ನುತ್ತಾರೆ. ಎಡಕಿವಿಯ ಹಿಂದೆ ಮೇಲಕ್ಕೆ, ಟೆಂಪೊರಲ್ ಭಾಗ ಮತ್ತು ನೆತ್ತಿಯ ಕಡೆಯ ಪರೈಟಲ್ ಭಾಗ ಕೂಡುವ ಜಾಗದಲ್ಲಿ ತೊಂದರೆ. ಕೇಳಿದ ಸದ್ದನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಈ ಬಗೆಯ ಹಿಂದೆ ಹೆಚ್ಚಾಗಿ ಇರುವುದು ಆಲ್‌ಝೈಮರ್ ಕಾಯಿಲೆಯೇ. ಅದು ನೆನಪಿಗಿಂತ ಮೊದಲು ಭಾಷೆಗೆ ಕೈ ಹಾಕಿರುತ್ತದೆ.

ಕನ್ನಡ ಮಾತಾಡುವವರಿಗೆ ಇದು ಯಾಕೆ ಕಷ್ಟ ನೋಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ನಾಳೆ ಬೆಳಗ್ಗೆ ಬೇಗ ಎದ್ದು ಸರ್ಕಲ್ ಹತ್ರ ಇರೋ ಅಂಗಡಿಗೆ ಹೋಗಿ ಹಾಲು ತರೋದು ಬೇಡ." ಇಡೀ ವಾಕ್ಯದ ತಿರುವು ಕೊನೆಯ ಎರಡು ಅಕ್ಷರದಲ್ಲಿದೆ. ಅಲ್ಲಿವರೆಗೆ ಉಳಿದದ್ದನ್ನೆಲ್ಲ ತಲೆಯಲ್ಲಿ ಹಿಡಿದುಕೊಂಡಿರಬೇಕು. ಮೇಷ್ಟ್ರಿಗೆ ಅಷ್ಟು ಹೊತ್ತು ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಹೋಗಿ ಹಾಲು ತಂದಿಟ್ಟರು. ಮನೆಯಲ್ಲಿ ಜಗಳ ಆಯಿತು. "ಬೇಡ ಅಂದಿದ್ದು ಕೇಳಿಸ್ಲಿಲ್ವಾ? ನಿಮಗೆ ಹಟ" ಅಂದರು. ಹಟ ಅಲ್ಲ. "ಬೇಡ" ಬರುವ ಹೊತ್ತಿಗೆ ಅದನ್ನು ಯಾವುದಕ್ಕೆ ಜೋಡಿಸಬೇಕು ಅನ್ನೋದು ಅವರ ಕೈಜಾರಿತ್ತು.

ಅವರ ಮನೆಯವರಿಗೆ ನಾನು ಹೇಳಿಕೊಟ್ಟಿದ್ದು ಬಹಳ ಸಣ್ಣದು. ಬೇಡ ಅನ್ನೋದನ್ನು ಮೊದಲೇ ಹೇಳಿ. "ಹಾಲು ಬೇಡ." ನಿಲ್ಲಿಸಿ. "ನಾಳೆ ಅಂಗಡಿಗೆ ಹೋಗ್ಬೇಡಿ." ಮುಗೀತು. ಉದ್ದ ವಾಕ್ಯವನ್ನು ಎರಡು ಮಾಡಿ, ಮೂರು ಮಾಡಿ. ಆಮೇಲೆ ಆ ಮನೆಯಲ್ಲಿ ಜಗಳ ಎಷ್ಟೋ ಕಡಿಮೆ ಆಯಿತು.

ಮೂರನೇ ಬಗೆಯಲ್ಲಿ ಕೇಳುವುದರ ಬಗ್ಗೆ ನಮ್ಮ ತಿಳಿವಳಿಕೆಯೇ ಬದಲಾಗಿದೆ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಅವರು ಬಸ್ ಕಂಡಕ್ಟರ್ ಆಗಿದ್ದವರು. ಮೈಸೂರು ಬೆಂಗಳೂರು ರಸ್ತೆಯಲ್ಲೇ ಆಯಸ್ಸು ಕಳೆದಿದ್ದರು. ನಿವೃತ್ತಿಗೆ ಎರಡು ವರ್ಷ ಇರುವಾಗ ಮಾತು ತೊದಲಲು ಶುರುವಾಯಿತು. ಬಾಯಿ ಯಾವ ಕಡೆ ತಿರುಗಬೇಕು ಅಂತ ಹುಡುಕುತ್ತಿತ್ತು. "ಟಿಕೆಟ್" ಅನ್ನಲು ಹೋಗಿ "ಕಿಟೆಟ್", ಮತ್ತೆ "ತಿಕೆತ್". ಆಮೇಲೆ ಪ್ರತ್ಯಯಗಳು ಉದುರಿದವು. "ನಾನು... ಅಂಗಡಿ... ಹೋಗು... ಹಾಲು." ಗೆ ಇಲ್ಲ, ಇಂದ ಇಲ್ಲ, ಹೋದೆನೋ ಹೋಗುತ್ತೇನೋ ತಿಳಿಯದು. ಎಡಗಡೆ ಹಣೆಯ ಕೆಳಭಾಗ, ಅದರ ಒಳಗೆ ಇನ್ಸುಲಾ ಅನ್ನೋ ಮಿದುಳಿನ ಭಾಗ ಸೊರಗಿದಾಗ ಹೀಗಾಗುತ್ತದೆ. ಇದಕ್ಕೆ ನಾನ್‌ಫ್ಲುಯೆಂಟ್ ಬಗೆ ಅನ್ನುತ್ತಾರೆ.

ಮೊದಲನೇ ಸಲ ಬಂದಾಗ "ನೀರು ಬೇಕು" ಅನ್ನಲು ಅವರಿಗೆ ಅರ್ಧ ನಿಮಿಷ ಹಿಡಿಯಿತು. ನಾನು "ಮೈಸೂರು ಬಿಟ್ರೆ ಮುಂದೆ?" ಅಂತ ಕೇಳಿದೆ. "ಶ್ರೀರಂಗಪಟ್ಣ, ಮಂಡ್ಯ, ಮದ್ದೂರು, ಚನ್ನಪಟ್ಣ, ರಾಮ್‌ನಗರ, ಬಿಡದಿ, ಕೆಂಗೇರಿ" ಅಂತ ಒಂದೇ ಸಮನೆ ಹೇಳಿಬಿಟ್ಟರು. ಅವರ ಹೆಂಡತಿ ಅತ್ತುಬಿಟ್ಟರು. ಸಾವಿರಾರು ಸಲ ಹೇಳಿ ಹೇಳಿ ಒಂದೇ ಸರ ಆಗಿಹೋದ ಮಾತು ಅದು. ಎಣಿಕೆ, ವಾರದ ಹೆಸರು, ದೇವರ ನಾಮ ಎಲ್ಲ ಹೀಗೇ. ಹೊಸದಾಗಿ ಕಟ್ಟಬೇಕಾದ ಮಾತಿಗಿಂತ ಇವು ಜಾಸ್ತಿ ದಿನ ಉಳಿಯುತ್ತವೆ.

ಇವರ ಬಗ್ಗೆ ಎಲ್ಲರೂ ಹೇಳುತ್ತಿದ್ದುದು ಒಂದೇ. "ಹೇಳೋಕೆ ಮಾತ್ರ ಆಗಲ್ಲ, ಕೇಳೋದೆಲ್ಲ ಸರಿ ಇದೆ." ನಾವೂ ಹಾಗೇ ಹೇಳುತ್ತಿದ್ದೆವು. ಆದರೆ ಹೆಂಡತಿ ಇನ್ನೊಂದು ವಿಷಯ ಹೇಳಿದರು. ಮನೆಯಲ್ಲಿ ಇಬ್ಬರೇ ಇದ್ದಾಗ ಹೇಳಿದ್ದೆಲ್ಲ ತಿಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಟೀವಿ ಹಾಕಿದ್ದಾಗ ಕಂಗಾಲಾಗುತ್ತಾರೆ. ಮೂವತ್ತು ವರ್ಷ ಬಸ್ಸಿನ ಗಲಾಟೆಯಲ್ಲಿ "ಮದ್ದೂರು ಎರಡು ಕೊಡಿ" ಅನ್ನೋದನ್ನು ಹಿಂದಿನ ಸೀಟಿನಿಂದ ಕೇಳಿಸಿಕೊಂಡ ಮನುಷ್ಯ ಅವರು.

ಅಂದಾಜಿನ ವಿಷಯ ನೆನಪಿದೆಯಲ್ಲ? ಗಲಾಟೆಯಲ್ಲಿ ಸದ್ದು ಅರ್ಧಂಬರ್ಧ ಬರುತ್ತದೆ. ಉಳಿದ ಅರ್ಧವನ್ನು ಅಂದಾಜಿನಿಂದ ತುಂಬಿಕೊಳ್ಳುತ್ತೇವೆ. ಆ ಅಂದಾಜು ಬರುವುದು ಹೆಚ್ಚಾಗಿ ಹಣೆಯ ಭಾಗದಿಂದ. 2017ರಲ್ಲಿ ಕೇಂಬ್ರಿಡ್ಜ್‌ನ ಥಾಮಸ್ ಕೋಪ್ ಮತ್ತು ಅವರ ಜೊತೆಯವರು ಇದನ್ನು ನಾನ್‌ಫ್ಲುಯೆಂಟ್ ಬಗೆಯವರಲ್ಲೇ ಪರೀಕ್ಷೆ ಮಾಡಿದರು. ಮೊದಲು ಪರದೆ ಮೇಲೆ ಒಂದು ಪದ ತೋರಿಸಿದರು. ಆಮೇಲೆ ಬೇಕೆಂದೇ ಕೆಡಿಸಿದ, ಗೊರಗೊರ ಅನ್ನುವ ಧ್ವನಿಯಲ್ಲಿ ಒಂದು ಪದ ಕೇಳಿಸಿದರು. ಕೆಲವೊಮ್ಮೆ ಅದೇ ಪದ, ಕೆಲವೊಮ್ಮೆ ಬೇರೆ. ಅದೇ ಪದ ಆದರೆ ಧ್ವನಿ ಕೆಟ್ಟಿದ್ದರೂ ಸ್ಪಷ್ಟವಾಗಿ ಕೇಳಿಸಿದ ಹಾಗೆ ಅನ್ನಿಸುತ್ತದೆ, ನಮಗೂ ಹಾಗೇ. ಈ ರೋಗಿಗಳಲ್ಲಿ ಸದ್ದು ಬಂದು ಸೇರುವ ಟೆಂಪೊರಲ್ ಭಾಗ ಸರಿಯಾಗೇ ಇತ್ತು. ಕೆಟ್ಟಿದ್ದು ಹಣೆಯ ಭಾಗ. ಅವರ ಅಂದಾಜು ಇಲ್ಲದೇ ಹೋಗಿರಲಿಲ್ಲ, ಅದು ಬಿಗಿಯಾಗಿತ್ತು. ಒಮ್ಮೆ ಹಿಡಿದದ್ದನ್ನು ಕಿವಿಗೆ ಬಿದ್ದಿದ್ದಕ್ಕೆ ತಕ್ಕ ಹಾಗೆ ಬೇಗ ಬಗ್ಗಿಸಿಕೊಳ್ಳಲು ಆಗುತ್ತಿರಲಿಲ್ಲ. ಹೊಂದಾಣಿಕೆಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಇದನ್ನು ಓದಿದ ಮೇಲೆ ನನಗೆ ಆ ಕಂಡಕ್ಟರ್ ಅರ್ಥವಾದರು. ಮಾತಿನ ವಿಷಯ ತಟ್ಟನೆ ಬದಲಾದರೆ ಅವರು ಹಿಂದಿನದರಲ್ಲೇ ನಿಂತಿರುತ್ತಿದ್ದರು. ಮಗನ ಮದುವೆ ಮಾತಾಡುತ್ತಾ ಇದ್ದವರು ನಡುವೆ "ಗ್ಯಾಸ್ ಬಂತಾ?" ಅಂದರೆ, ಅವರಿಗೆ ಅದೂ ಮದುವೆಯದೇ ಮಾತು. ಈಗ ಅವರ ಮನೆಯಲ್ಲಿ ವಿಷಯ ಬದಲಿಸುವ ಮೊದಲು ಭುಜ ಮುಟ್ಟಿ "ಬೇರೆ ವಿಷಯ" ಅನ್ನುತ್ತಾರೆ. ಟೀವಿ ಆರಿಸುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ.

ಹಾಗಂತ ಕಿವಿ ಪರೀಕ್ಷೆ ಬೇಡ ಅಂತ ಅಲ್ಲ. ಮೊದಲು ಮಾಡಿಸಬೇಕಾದ್ದೇ ಅದು. ಕಿವಿಯೂ ಮಂದ ಆಗಿದ್ದರೆ ಸೋತ ಮಿದುಳಿಗೆ ಇನ್ನೂ ಕೆಟ್ಟ ಸದ್ದು ಹೋಗುತ್ತದೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ 2024ರ ಆಯೋಗ, ಡಿಮೆನ್ಶಿಯಾಕ್ಕೆ, ಅಂದರೆ ಮಿದುಳು ಸೊರಗಿ ನೆನಪು, ಬುದ್ಧಿ, ಮಾತು ಕುಸಿಯುವ ಕಾಯಿಲೆಗಳಿಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣ ಹೆಸರಿಸಿದೆ. ಕಿವಿ ಮಂದವಾಗುವುದೂ ಅದರಲ್ಲಿ ಒಂದು. ಆದರೆ ಬೀಪ್ ಸದ್ದಿನ ಪರೀಕ್ಷೆ ಸರಿ ಬಂದ ಮಾತ್ರಕ್ಕೆ ಕೇಳಿಸಿಕೊಳ್ಳುವುದು ಸರಿ ಇದೆ ಅಂತ ಅಂದುಕೊಳ್ಳಬೇಡಿ. ಬೀಪ್ ಕೇಳಲು ಅಂದಾಜು ಬೇಡ, ಅರ್ಥ ಬೇಡ, ಹಿಡಿದಿಟ್ಟುಕೊಳ್ಳುವುದೂ ಬೇಡ.

ಮೈಸೂರಿನಲ್ಲಿ ಈ ಮಾತಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹೊರಗೆ ಕನ್ನಡ. ಎರಡು ಭಾಷೆ ಇದ್ದರೆ ಒಳ್ಳೆಯದಾ ಕೆಟ್ಟದ್ದಾ? 2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಯವರು ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇದ್ದ 648 ಜನರ ವಿವರ ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಹೀಗೇ. ಕಾಯಿಲೆ ತಪ್ಪಿತು ಅಂತ ಅಲ್ಲ, ಮುಂದಕ್ಕೆ ಹೋಯಿತು. ಕಾಯಿಲೆ ಬಂದ ಮೇಲೆ ಯಾವ ಭಾಷೆಯಲ್ಲಿ ಮಾತಾಡಿಸಬೇಕು ಅಂದರೆ, ಅವರ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ.

ಈ ಕಾಯಿಲೆಯನ್ನು ನಿಲ್ಲಿಸುವ ಔಷಧಿ ಇವತ್ತಿಗೆ ಇಲ್ಲ. ಇದನ್ನು ನಾನು ಎಲ್ಲರಿಗೂ ನೇರವಾಗಿ ಹೇಳುತ್ತೇನೆ. ಮಾತಿನ ಚಿಕಿತ್ಸೆಯಿಂದ ದಿನದ ಬದುಕಿಗೆ ಬೇಕಾದ ಪದಗಳನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಬಹುದು. ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ತೋರಿಸಲು ಎಲ್ಲಿಗೇ ಹೋಗಿ, ಎರಡು ವಸ್ತು ತೆಗೆದುಕೊಂಡು ಹೋಗಿ. ಒಂದು, ಚೀಟಿ. ಯಾವ ಪದ ತಪ್ಪಿತು, ಯಾವಾಗ ತಪ್ಪಿತು, ಅವರು ಏನಂದರು ಅಂತ ಅವರು ಹೇಳಿದ ಹಾಗೇ ಬರೆದಿಡಿ. "ಮರೆವು" ಅಂತ ಬರೆಯಬೇಡಿ, "ಅಡಿಕೆ ಅಂದ್ರೆ ಏನು ಅಂತ ಕೇಳಿದರು" ಅಂತ ಬರೆಯಿರಿ. ಇನ್ನೊಂದು, ಮೊಬೈಲಿನಲ್ಲಿ ಎರಡು ನಿಮಿಷದ ರೆಕಾರ್ಡಿಂಗ್. ಮನೆಯಲ್ಲಿ ಸಹಜವಾಗಿ ಮಾತಾಡುವಾಗ ಮಾಡಿಕೊಂಡಿದ್ದು.

ಧ್ವನಿ ಇರುವಾಗಲೇ ಇನ್ನೂ ಜಾಸ್ತಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಕ್ಕಳನ್ನು ಕರೆಯುವುದು, ನಗುವುದು, ಬೈಯುವುದು, ಹಳೇ ಕಥೆ ಹೇಳುವುದು. ಕಂಡಕ್ಟರ್‌ಗೆ ಈಗ ಮಾತು ಪೂರ್ತಿ ನಿಂತಿದೆ. ಸಂಜೆ ಅವರ ಹೆಂಡತಿ ಫೋನಿನಲ್ಲಿ ಅವರದೇ ಧ್ವನಿ ಹಾಕುತ್ತಾರೆ. ಶ್ರೀರಂಗಪಟ್ಣ, ಮಂಡ್ಯ, ಮದ್ದೂರು. ಅವರು ತುಟಿ ಆಡಿಸುತ್ತಾರೆ. ಕೆಂಗೇರಿ ಬಂದ ಕೂಡಲೇ ಸೀಟಿ ಊದುವವರ ಹಾಗೆ ಬೆರಳು ತುಟಿಗೆ ಹೋಗುತ್ತದೆ.